ಅಡುಗೆಮನೆ ಚಾಕುವಿನ ಮರದ ಹಿಡಿ ಸೀಳಿದೆ. ಯಾವುದರಿಂದ ಹೊಸ ಹಿಡಿ ಹಾಕಿದರೆ ಬಾಳಿಕೆ ಬರುತ್ತದೆ?

ಅಪ್ಪನ ಕಾಲದ ಚಾಕು, ಅಲಗು ಇನ್ನೂ ಗಟ್ಟಿಯಾಗಿದೆ, ಹಿಡಿ ಮಾತ್ರ ರಿವೆಟ್ ಹತ್ತಿರ ಸೀಳಿ ಅಲುಗಾಡುತ್ತಿದೆ ಅಂದಿದ್ದೀರಿ. ಬಡಗಿ ತೇಗ ಹಾಕಿಸಿ ಅಂದರು, ಮನೆಯವರು ಪ್ಲಾಸ್ಟಿಕ್ ಅಂದರು, ಯಾವುದು ಸರಿ ಎಂಬುದು ನಿಮ್ಮ ಪ್ರಶ್ನೆ.

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಿಕ್ ಪ್ಯಾನೆಲ್ ಬೋರ್ಡ್ ಕೆಲಸ ಮಾಡುತ್ತೇನೆ. ಮಂಡಕ್ಕಿ ಅಂಗಡಿ ಇಟ್ಟಿರುವ ಗೆಳೆಯರ ಚಾಕುಗಳಿಗೆ ಹಿಡಿ ಹಾಕಿಕೊಡುವುದು ಬಹಳ ವರ್ಷದಿಂದ ನಡೆದುಬಂದಿದೆ. ಮಂಡಕ್ಕಿ ಅಂಗಡಿಯ ಚಾಕು ಒಣಗುವುದೇ ಇಲ್ಲ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿ, ನಿಂಬೆಹಣ್ಣು, ಮತ್ತೆ ನೀರಲ್ಲಿ ಅದ್ದಿ ತೊಳೆಯುವುದು. ಅಲ್ಲಿ ಬಾಳಿದ ಹಿಡಿ ಮನೆಯಲ್ಲಿ ಬಾಳದೆ ಇರುವುದಿಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ: ಬಟ್ಟೆ ಹೈಲಮ್ ಶೀಟ್, ಅಂದರೆ ರಾಳ ಕುಡಿಸಿದ ಬಟ್ಟೆಯ ಗಟ್ಟಿ ಹಲಗೆ ಹಾಕಿ. ಮರವೇ ಬೇಕು ಅನಿಸಿದರೆ ಹಳೆಯ, ಚೆನ್ನಾಗಿ ಒಣಗಿದ ತೇಗ ಅಥವಾ ಬೀಟೆ.

ಆದರೆ ಮೊದಲು ನಿಮ್ಮ ಹಳೇ ಹಿಡಿ ಯಾಕೆ ಸೀಳಿತು ನೋಡಿ. ಮರ ಕೆಟ್ಟದ್ದು ಅಂತ ಅಲ್ಲ. ಹಿಡಿಗೂ ಒಳಗಿನ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ. ಅದರಲ್ಲಿ ನೀರು ಇಳಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತದೆ, ಒಳಗಿನಿಂದ ಹಿಡಿಯನ್ನು ತಳ್ಳುತ್ತದೆ. ಮರವೋ ಮಳೆಗಾಲದಲ್ಲಿ ಉಬ್ಬುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ರಿವೆಟ್ ಮಾತ್ರ ಕದಲುವುದಿಲ್ಲ. ಅದಕ್ಕೇ ಸೀಳು ಹೆಚ್ಚಾಗಿ ರಿವೆಟ್ ತೂತಿನಿಂದಲೇ ಶುರುವಾಗುತ್ತದೆ. ನಿಮ್ಮ ಹಿಡಿ ಬಿಚ್ಚಿ ನೋಡಿ, ಒಳಗೆ ಕಂದು ಪುಡಿ ಉದುರುತ್ತದೆ. ಈ ಸಂದು ಮುಚ್ಚದೆ ಎಂಥ ಬೆಲೆಬಾಳುವ ಮರ ಹಾಕಿದರೂ ಅದೇ ಕಥೆ.

ಈಗ ಹೈಲಮ್ ವಿಷಯ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಜಾತಿಯ ರಾಳವನ್ನು ಹತ್ತಿ ಬಟ್ಟೆಯ ಪದರಗಳಿಗೆ ಕುಡಿಸಿ, ಕಾಯಿಸಿ, ಒತ್ತಿ ಮಾಡಿದ ಹಲಗೆ ಇದು. ಹೊರದೇಶದ ಚಾಕು ಮಾಡುವವರು ಮೈಕಾರ್ಟಾ ಅಂತ ದುಬಾರಿ ಬೆಲೆ ಕೊಟ್ಟು ತರಿಸುವುದೂ ಇದೇ ಜಾತಿಯದು. ಅದನ್ನೂ 1910ರ ಸುಮಾರಿಗೆ ವೆಸ್ಟಿಂಗ್‌ಹೌಸ್ ಕಂಪನಿ ಮಾಡಿದ್ದು ಕರೆಂಟ್ ತಡೆಯಲಿಕ್ಕೆ, ಚಾಕುವಿಗಲ್ಲ. ನಮ್ಮಲ್ಲಿ ಪ್ಯಾನೆಲ್ ಬೋರ್ಡ್ ಮಾಡುವ ಕಡೆ, ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ಕೇಳಿದರೆ ತುಂಡು ಸಿಗುತ್ತದೆ. ಚಾಕುವಿಗೆ ಬೇಕಾದಷ್ಟು ತುಂಡನ್ನು ಎಷ್ಟೋ ಜನ ದುಡ್ಡು ಕೇಳದೆ ಕೊಟ್ಟುಬಿಡುತ್ತಾರೆ.

ತಗೊಳ್ಳುವಾಗ ಕತ್ತರಿಸಿದ ಅಂಚು ನೋಡಿ. ನೇಯ್ಗೆಯ ಎಳೆ ಕಾಣಿಸಿದರೆ ಬಟ್ಟೆ ಹೈಲಮ್. ಅಂಚು ಬರೀ ನುಣುಪಾಗಿ, ಹಾಳೆ ಹಾಳೆಯಾಗಿ ಕಂಡರೆ ಅದು ಕಾಗದದ್ದು. ಕಾಗದದ್ದು ಬಿದ್ದರೆ ಅಂಚು ಚಕ್ಕೆ ಏಳುತ್ತದೆ, ಬೇಡ. ಎರಡೂ ಕಡೆಗೆ 8 ಅಥವಾ 10 ಮಿ.ಮೀ. ದಪ್ಪದ್ದು ಸಾಕು, ಆಮೇಲೆ ಕೈಗೆ ತಕ್ಕಂತೆ ಉಜ್ಜಿ ಇಳಿಸಿಕೊಳ್ಳಬಹುದು. ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಕನ್ನಡಿಯಂತೆ ಪಾಲಿಶ್ ಮಾಡದೆ 220 ನಂಬರ್ ಸ್ಯಾಂಡ್‌ಪೇಪರ್‌ಗೆ ನಿಲ್ಲಿಸಿದರೆ ಒದ್ದೆ ಕೈಯಲ್ಲೂ ಜಾರುವುದಿಲ್ಲ.

ಹಸಿರು ಬಣ್ಣದ ಗ್ಲಾಸ್ ಎಪಾಕ್ಸಿ ಶೀಟ್ ಕೂಡ ಅದೇ ಅಂಗಡಿಗಳಲ್ಲಿರುತ್ತದೆ. ಬಾಳಿಕೆಯಲ್ಲಿ ಅದು ಹೈಲಮ್‌ಗಿಂತ ಒಂದು ಕೈ ಮೇಲು. ಆದರೆ ಅದರ ಧೂಳು ಗಾಜಿನ ಧೂಳು. ಮನೆಯಲ್ಲಿ ಉಜ್ಜಲಿಕ್ಕೆ ನಾನಂತೂ ಹೇಳುವುದಿಲ್ಲ. ಹೈಲಮ್ ಧೂಳೂ ಒಳ್ಳೆಯದಲ್ಲ. ಒಳ್ಳೆ ಮಾಸ್ಕ್ ಹಾಕಿ, ಹೊರಗೆ ಕೂತು, ನೀರು ಹಾಕಿಕೊಂಡೇ ಉಜ್ಜಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮರದ ಮಾತಿಗೆ ಬಂದರೆ, ನಿಮ್ಮ ಬಡಗಿ ಹೇಳಿದ್ದು ತಪ್ಪಲ್ಲ. ತೇಗ ಉಬ್ಬುವುದು ಕುಗ್ಗುವುದು ಕಡಿಮೆ. ಹಳೇ ಬಾಗಿಲ ಚೌಕಟ್ಟಿನ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಒಣಗಿ ಒಣಗಿ ಸ್ಥಿರವಾಗಿರುತ್ತದೆ. ಬೀಟೆ ಅದಕ್ಕಿಂತ ಗಟ್ಟಿ. ಹಳೇ ಮಂಚದ ಕಾಲು ಮುರಿದಿದ್ದರೆ ಅದರಲ್ಲೇ ಹಿಡಿ ಆಗುತ್ತದೆ. ಎರಡರಲ್ಲೂ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಕಚ್ಚುವುದಿಲ್ಲ. ಅಂಟು ಹಚ್ಚುವ ಮುಂಚೆ ಒಳಮೈಯನ್ನು ಅಸಿಟೋನ್‌ನಿಂದ ಒರೆಸಲೇಬೇಕು. ಗಾಡಿ ಚಕ್ರಕ್ಕೆ, ಕುಂಟೆಗೆ ಹಾಕುತ್ತಿದ್ದ ಕರಿಜಾಲಿಯೂ ಆಗುತ್ತದೆ. ಚಿತ್ರದುರ್ಗ ಕಡೆಯ ಕಮರದ ಮರ ನೀರಲ್ಲಿ ಮುಳುಗುವಷ್ಟು ಭಾರ, ಗರಗಸವೇ ಮೊಂಡಾಗುತ್ತದೆ. ಸಣ್ಣ ಚಾಕುವಿಗೆ ಹಾಕಿದರೆ ತೂಕವೆಲ್ಲ ಹಿಂದಕ್ಕೆ ಬೀಳುತ್ತದೆ. ಮಾವು ಮತ್ತು ಪ್ಲೈವುಡ್ ಬೇಡವೇ ಬೇಡ. ಪ್ಲಾಸ್ಟಿಕ್ ಅಂದರೆ ಮನೆಯವರ ಮನಸ್ಸಿನಲ್ಲಿ ಯಾವುದಿದೆಯೋ, ಬಿಳಿ ಕಟಿಂಗ್ ಬೋರ್ಡ್ ಜಾತಿಯದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ. ಹಿಡಿಗೆ ಸೈಕಲ್ ಟ್ಯೂಬೋ ಇನ್ಸುಲೇಷನ್ ಟೇಪೋ ಸುತ್ತಿ ಸುಮ್ನಾಗುವವರು ತುಂಬಾ ಜನ. ಅದರಡಿ ನೀರು ನಿಂತು ತುಕ್ಕು ಇನ್ನೂ ಬೇಗ ಏರುತ್ತದೆ.

ಹಾಕುವ ಕ್ರಮದಲ್ಲಿ ಅವಸರ ಬೇಡ. ಹಳೇ ರಿವೆಟ್ ತಲೆಯನ್ನು ಅರದಿಂದ ಉಜ್ಜಿ ತೆಗೆದು ಹೊರಗೆ ತಟ್ಟಿ. ಒಳಗಿನ ಕಬ್ಬಿಣವನ್ನು 80 ನಂಬರ್ ಪೇಪರ್‌ನಲ್ಲಿ ಬೆಳ್ಳಗೆ ಕಾಣುವ ತನಕ ಉಜ್ಜಿ. ಅಲಗಿಗೆ ರಟ್ಟು ಸುತ್ತಿ ಟೇಪ್ ಹಾಕಿ. ಕಬ್ಬಿಣದಲ್ಲಿರುವ ಹಳೇ ತೂತುಗಳನ್ನೇ ಬಳಸಿ, ಹದ ಹಾಕಿದ ಉಕ್ಕಿಗೆ ಮನೆಯ ಡ್ರಿಲ್ ಬಿಟ್ ಇಳಿಯುವುದಿಲ್ಲ. ಹಿಡಿಯ ಮುಂಭಾಗ, ಅಂದರೆ ಅಲಗಿನ ಕಡೆ ನೋಡುವ ಮುಖವನ್ನು ಅಂಟಿಸುವ ಮೊದಲೇ ಪೂರ್ತಿ ಉಜ್ಜಿ ಮುಗಿಸಿ. ಆಮೇಲೆ ಉಜ್ಜಿದರೆ ಅಲಗಿಗೆ ಗೀರು ಬೀಳುತ್ತದೆ.

ಅಂಟು ನಿಧಾನವಾಗಿ ಗಟ್ಟಿಯಾಗುವ ಮಾಮೂಲಿ ಅರಾಲ್ಡೈಟ್. ಐದು ನಿಮಿಷದ್ದು ಬೇಡ, ನೀರಿಗೆ ಅದು ಅಷ್ಟು ತಡೆಯುವುದಿಲ್ಲ. ರಿವೆಟ್‌ಗೆ ಹಳೇ ತೂತಿಗೆ ಸರಿಹೊಂದುವ ಹಿತ್ತಾಳೆ ಕಡ್ಡಿ ಹಾಕಿ. ಕಬ್ಬಿಣದ ಮೊಳೆ ಹಾಕಿದರೆ ಮತ್ತೆ ತುಕ್ಕು. ಎರಡು ಕಡೆಗೂ ಅಂಟು ಸವರಿ, ಕಡ್ಡಿ ತೂರಿಸಿ, ಕ್ಲಾಂಪ್ ಹಾಕಿ. ಪೂರ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ, ಹದವಾಗಿರಲಿ. ಸುತ್ತಲೂ ಅಂಟು ಸಣ್ಣ ಎಳೆಯಾಗಿ ಉಕ್ಕಬೇಕು. ಸಂದು ತುಂಬಿದೆ ಅನ್ನಲಿಕ್ಕೆ ಅದೇ ಗುರುತು. ಅಲಗಿನ ಬುಡದಲ್ಲಿ ಉಕ್ಕಿದ್ದನ್ನು ಮಾತ್ರ ಅಸಿಟೋನ್ ಅದ್ದಿದ ಬಟ್ಟೆಯಿಂದ ಆಗಲೇ ಒರೆಸಿ. ಒಂದು ಪೂರ್ತಿ ದಿನ ಮುಟ್ಟಬೇಡಿ. ಮಷಿನ್‌ನಲ್ಲಿ ಉಜ್ಜುವಾಗ ಹಿತ್ತಾಳೆ ಬೇಗ ಕಾಯುತ್ತದೆ, ಕಾದರೆ ಅಂಟು ಸಡಿಲವಾಗುತ್ತದೆ. ಬೆರಳಿಟ್ಟು ನೋಡುತ್ತಾ, ತಣಿಸುತ್ತಾ ಉಜ್ಜಿ. ಇದೇ ಕಾರಣಕ್ಕೆ ಮುಂದೆಯೂ ಚಾಕುವನ್ನು ಕುದಿಯುವ ನೀರಿಗೆ ಹಾಕಬೇಡಿ, ಒಲೆ ಪಕ್ಕ ಇಡಬೇಡಿ.

ಹೈಲಮ್‌ಗೆ ಎಣ್ಣೆ ಬೇಕಿಲ್ಲ. ಮರಕ್ಕಾದರೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಗಟ್ಟಿಯಾಗುವುದಿಲ್ಲ, ಜಿಗುಟಾಗಿ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಿ.

ಇಷ್ಟೆಲ್ಲ ಹೇಳಿದ್ದು ಹಿಡಿಯ ಪೂರ್ತಿ ಉದ್ದಕ್ಕೂ ಕಬ್ಬಿಣ ಇರುವ ಚಾಕುವಿಗೆ. ರಿವೆಟ್ ಇದೆ ಅಂದಿದ್ದರಿಂದ ನಿಮ್ಮದು ಹಾಗೇ ಇರಬೇಕು. ಹಿಡಿಯ ಅರ್ಧಕ್ಕೇ ಕಬ್ಬಿಣ ನಿಂತಿದ್ದರೆ ತೂತಿನ ಅಳತೆ ಬೇರೆಯಾಗುತ್ತದೆ. ಬಿಚ್ಚಿದ ಮೇಲೆ ಸ್ಕೇಲ್ ಪಕ್ಕದಲ್ಲಿಟ್ಟು ಒಂದು ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.