ಒಲೆಗಿಂತ ಮೊದಲು ಮಾರ್ಕೆಟ್‌ಗೆ ಕರೆದುಕೊಂಡು ಹೋಗಿ
8 ವರ್ಷದ ಮಗಳು, 14ರ ಮಗ, ಇಬ್ಬರಿಗೂ ನೂಡಲ್ಸ್ ಬಿಟ್ಟರೆ ಬೇರೇನೂ ಮಾಡಲು ಬರುವುದಿಲ್ಲ, ಆಯಾ ಕಾಲದ ಒಳ್ಳೆಯ ಅಡುಗೆ ಹೇಗೆ ಕಲಿಸಲಿ ಎಂದು ಕೇಳಿದ್ದೀರಿ. ನನ್ನ ಮಕ್ಕಳಿಗೂ ಅಕ್ಕನ ಮಕ್ಕಳಿಗೂ ಕಲಿಸಿದವಳು ನಾನು. ಮೊದಲು ತರಕಾರಿ ಆರಿಸಲು ಕಲಿಸಿ, ಅಡುಗೆ ಆಮೇಲೆ.

ಮೈಸೂರಿನವರು ಎಂದಿದ್ದೀರಿ. ಹಾಗಾದರೆ ಡಿಸೆಂಬರ್, ಜನವರಿಯಲ್ಲಿ ದೇವರಾಜ ಮಾರ್ಕೆಟ್‌ಗೆ ಹೋಗಿ ಅವರೆಕಾಯಿ ಕೊಳ್ಳಿ. ಕಾಯಿ ಮುಟ್ಟಿದ ಕೈಯನ್ನು ಮಕ್ಕಳು ಮೂಸಿ ನೋಡಲಿ. ಸೊಗಡಿದ್ದರೆ ಘಮ ಕೈಗೇ ಅಂಟಿರುತ್ತದೆ. ಮನೆಗೆ ಬಂದು ಎಲ್ಲರೂ ಕೂತು ಸುಲಿಯಿರಿ. ಹುಳ ಬಿದ್ದ ಕಾಳು ಬೇರೆ ಮಾಡುವುದು ಮಗಳ ಕೆಲಸ. ಕಾಳು ಕೆಲವು ಗಂಟೆ ನೀರಲ್ಲಿ ನೆನೆದರೆ ಹಿತಕುವುದು ಸುಲಭ. ಒತ್ತಿದರೆ ಬೇಳೆ ಪುಳಕ್ ಅಂತ ಹೊರಗೆ ಬರುತ್ತದೆ, ಅವಳು ಬಿಟ್ಟು ಏಳುವುದೇ ಇಲ್ಲ ನೋಡಿ. ಮಗ ಒಂದು ದಿನ ಅವರೆಕಾಳು ಉಪ್ಪಿಟ್ಟು, ಇನ್ನೊಂದು ದಿನ ಹಿತಕಿದ ಬೇಳೆ ಸಾರು, ಮತ್ತೊಂದು ದಿನ ಅಕ್ಕಿರೊಟ್ಟಿ ಮಾಡಲಿ. ಒಂದೇ ಕಾಳಿನಲ್ಲಿ ಇಷ್ಟೆಲ್ಲ ಆಗುತ್ತದೆ ಎಂದು ಕೈಗೆ ಗೊತ್ತಾದರೆ, ಪ್ರತಿ ಸಲ ರೆಸಿಪಿ ಹುಡುಕುತ್ತಾ ಕೂರುವುದಿಲ್ಲ.

ಬೇಸಿಗೆಗೆ ಕೋಸಂಬರಿ. ಹೆಸರುಬೇಳೆ ಒಂದು ಗಂಟೆ ನೆನೆದರೆ ಸಾಕು, ಚಿಕ್ಕವಳೇ ಕಲಸಬಹುದು. ಮಾವಿನಕಾಯಿ ತುರಿ ಹಾಕಿದರೆ ನಿಂಬೆಹಣ್ಣು ಬೇಡ. ಸೌತೆಕಾಯಿ ನೀರು ಬಿಡುತ್ತದೆ, ಅದಕ್ಕೇ ಉಪ್ಪು ಬಡಿಸುವಾಗ ಹಾಕಬೇಕು. ಮಳೆಗಾಲಕ್ಕೆ ದೊಡ್ಡಪತ್ರೆ ತಂಬುಳಿ. ಎಲೆ, ಜೀರಿಗೆ, ಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆ ಸೇರಿಸಿದರೆ ಆಯಿತು. ಗಿಡ ಕುಂಡದಲ್ಲೇ ಬೆಳೆಯುತ್ತದೆ.

ಮಗನ ವಿಷಯ ಬೇರೆ. 14ರ ಹುಡುಗನಿಗೆ ಸುಮ್ನೆ ಈರುಳ್ಳಿ ಹೆಚ್ಚಿಕೊಡು ಎಂದರೆ ಬೇಜಾರಾಗುತ್ತದೆ, ಅಲ್ವಾ? ವಾರಕ್ಕೊಂದು ರಾತ್ರಿಯ ಊಟ ಪೂರ್ತಿ ಅವನದೇ ಆಗಲಿ. ದಂಟಿನ ಸೊಪ್ಪಿನ ಬಸ್ಸಾರು, ರಾಗಿಮುದ್ದೆ ಮಾಡಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೆಳೆಯುವ ಮೂಳೆಗೆ ಅದು ಬೇಕು. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಮುದ್ದೆ ಗಂಟಾದರೂ ಕೋಲು ಕಸಿದುಕೊಳ್ಳಬೇಡಿ. ಮನೆಯವರೆಲ್ಲ ಅದನ್ನೇ ಉಣ್ಣಿ.

ಎರಡು ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ನೀರು ಬಸಿಯದ ಸೊಪ್ಪನ್ನು ಕಾದ ಎಣ್ಣೆಗೆ ಹಾಕಬಾರದು. ಕುಕ್ಕರಿನ ಒತ್ತಡ ತಾನಾಗಿ ಇಳಿಯುವ ತನಕ ಮುಚ್ಚಳ ಮುಟ್ಟಬಾರದು.