ಬಟಾಟಿಯೂ ನಮ್ಮದೇ

ಪ್ರಿಯ ಸಹೋದರಿ,

ಲಿಸ್ಬನ್‌ನಿಂದ ನೀವು ಬರೆದ ಪತ್ರ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ಆಯಿ ತೀರಿಕೊಂಡರು, ಹುಬ್ಬಳ್ಳಿಯ ಮನೆ ಮಾರಿ ಆಯಿತು, ಉಳಿದದ್ದು ಆಯಿಯ ಮಾತೊಂದೇ ಎಂದಿದ್ದೀರಿ. ಅದನ್ನು ಮಗಳಿಗೆ ಕಲಿಸಹೋದರೆ ಕನ್ನಡದ ಗೆಳತಿಯೇ ‘ಅರ್ಧ ಮರಾಠಿ, ಅರ್ಧ ಉರ್ದು, ಇದೆಂಥ ಕನ್ನಡ’ ಅಂದರಂತೆ. ಸಾಲದ್ದಕ್ಕೆ, ಅಲ್ಲಿನ ತರಕಾರಿ ಅಂಗಡಿಯಲ್ಲಿ ಆಲೂಗಡ್ಡೆಯ ಬುಟ್ಟಿಗೆ ‘ಬಟಾಟಾ’ ಎಂದು ಚೀಟಿ ಹಚ್ಚಿದ್ದನ್ನು ನೋಡಿ ಮಗಳು ಕೇಳಿದಳಂತೆ: ‘ಬಟಾಟಿನೂ ನಮ್ಮದಲ್ವಾ?’

ನಮ್ಮದೇ ಅಂತ ಹೇಳಿ ಆಕೆಗೆ.

ಮಗಳ ಕಣ್ಣು ಚುರುಕು. ಬಟಾಟಿ ಪೋರ್ಚುಗೀಸರ ಮಾತು, ಪಗಾರವೂ ಅವರದೇ. ಅಲ್ಲಿ ‘ಪಗಾರ್’ ಅಂದರೆ ಹಣ ಕೊಡುವುದು, ಇಲ್ಲಿ ತಿಂಗಳ ಸಂಬಳ. 1510ರಲ್ಲಿ ಅವರು ಗೋವಾ ಹಿಡಿದರು. ಆಮೇಲೆ ಈ ಮಾತುಗಳು ಕೊಂಕಣಿ, ಮರಾಠಿ ಬಾಯಿಗಳನ್ನು ದಾಟಿ, ಘಟ್ಟ ಹತ್ತಿ ನಮ್ಮ ಸಂತೆಗೆ ಬಂದವು. ದವಾಖಾನಿ, ವಕೀಲ ಇವೆಲ್ಲ ಅರಬ್ಬಿ, ಪಾರಸಿಯ ಕಡೆಯವು. ಬಿಜಾಪುರದ ಆದಿಲಶಾಹಿಗಳು ಈ ಸೀಮೆ ಆಳಿದವರು. ಅವರ ನಂತರ ಮರಾಠರು, ಆಮೇಲೆ ಮುಂಬಯಿ ಸರಕಾರ. 1956ರ ನವೆಂಬರ್ 1ರ ತನಕ ಧಾರವಾಡ ಜಿಲ್ಲೆ ಮುಂಬಯಿಗೇ ಸೇರಿತ್ತು. ಕಾಕಾ (ಚಿಕ್ಕಪ್ಪ), ವೈನಿ (ಅತ್ತಿಗೆ), ಮಾವಶಿ (ತಾಯಿಯ ಅಕ್ಕ-ತಂಗಿ) ಎಂಬ ಮರಾಠಿ ಮಾತುಗಳು ನಮ್ಮ ಮನೆಗಳಿಗೆ ಬಂದದ್ದು ಹಾಗೆ.

ನೀವೇ ಬರೆದ ಆಯಿಯ ಮಾತು ನೋಡಿ: ‘ಕಾಕಾ ದವಾಖಾನಿಗೆ ಹೋಗ್ಯಾನ. ಪಗಾರ ಆದಮ್ಯಾಲ ಬಟಾಟಿ ತರ್ತಾನ.’ ಹೆಸರುಗಳೆಲ್ಲ ಹೊರಗಿನಿಂದ ಬಂದವು. ಆದರೆ ‘ಹೋಗ್ಯಾನ’, ‘ತರ್ತಾನ’, ದವಾಖಾನಿಯ ಬೆನ್ನಿಗೆ ಕೂತ ಆ ‘ಗೆ’? ಎಲುಬೆಲ್ಲ ಕನ್ನಡದ್ದೇ. ಈ ಎರಡು ಸಾಲಿನೊಳಗೆ ನಮ್ಮ ಸೀಮೆಯ ಐನೂರು ವರ್ಷ ಇದೆ. ಮಾರಿದ ಮನೆಯ ಗ್ವಾಡಿಗಳಿಗೆ ಅಷ್ಟು ವಯಸ್ಸಾಗಿರಲಿಲ್ಲ.

ಮರಾಠಿಯ ಒತ್ತಡದಿಂದ ಕನ್ನಡ ಉಳಿಸಲು ಇಲ್ಲಿ ದೊಡ್ಡ ಹೋರಾಟವೇ ನಡೆದಿದೆ, ನಿಜ. ಶಿಕ್ಷಣ ಖಾತೆಯ ಅಧಿಕಾರಿಯಾಗಿದ್ದ ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ, ಅಂದರೆ ಶಾಲೆಗಳಿಗಾಗಿ, ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅವರ ಋಣ ನಮ್ಮ ಮೇಲೆ ಜಾಸ್ತಿ ಇದೆ. ಆದರೆ ಅವರು ಕೇಳಿದ್ದು ಸಾಲಿಯಲ್ಲಿ, ಕಚೇರಿಯಲ್ಲಿ ಕನ್ನಡಕ್ಕೆ ಜಾಗ. ವೈನಿಯನ್ನು ಅತ್ತಿಗೆ ಅಂತ ಕರೀರಿ ಅಂದವರಲ್ಲ. ಬೇಂದ್ರೆಯವರ ಮನೆಮಾತೇ ಮರಾಠಿ. ಧಾರವಾಡದ ಆಡುಮಾತನ್ನು ಅವರಷ್ಟು ಹಾಡಿಸಿದವರು ಇನ್ಯಾರಿದ್ದಾರೆ?

ನನ್ನದೊಂದು ನೋವು ಹೇಳುತ್ತೇನೆ. ಮೊದಲ ನೌಕರಿಗೆ ಬೆಂಗಳೂರಿಗೆ ಹೋದಾಗ ಜೊತೆಯವರು ನನ್ನ ಮಾತನ್ನು ಆಡಿಕೊಂಡರು. ನಾನು ಸುಮ್ನೆ ಬದಲಾಯಿಸಿಬಿಟ್ಟೆ. ವರ್ಷದ ಮೇಲೆ ಮನೆಗೆ ಫೋನ್ ಮಾಡಿದರೆ ಅವ್ವ, ‘ಯಾರ್ರೀ ಮಾತಾಡೋದು?’ ಅಂದಳು. ಆ ದಿನ ಮತ್ತೆ ಊರಿನ ಮಾತಿಗೆ ಬಂದೆ. ಅವ್ವನ ಹತ್ತಿರವೂ ಆ ಬದಲಾದ ಮಾತೇ ಆಡಿದ್ದೆನಲ್ಲ ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಒಂದು ಕೆಲಸ ಮಾಡಿ. ದಪ್ಪನೆಯ ನೋಟ್‌ಬುಕ್ಕು ತಂದು ಆಯಿಯ ಮಾತು ನೆನಪಾದಂತೆಲ್ಲ ಬರೆದಿಡಿ. ‘ಹೋಗ್ಯಾನ’ ಎಂಬುದನ್ನು ‘ಹೋಗಿದ್ದಾನೆ’ ಎಂದು ತಿದ್ದಬೇಡಿ. ಬೈಗುಳ ಬಂದರೂ ಇರಲಿ. ಊರಲ್ಲಿ ಮಾವಶಿ ಇದ್ದಾರೆ ಎಂದಿದ್ದೀರಲ್ಲ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ವಾರವೇ ಅವರಿಗೆ ಫೋನ್ ಹಚ್ಚಿ. ಮುಂದಿನ ಪತ್ರದಲ್ಲಿ ನಾಲ್ಕು ಪುಟ ನನಗೂ ಕಳಿಸಿ. ಆಯಿ ಬಟಾಟಿ ಪಲ್ಯಕ್ಕೆ ಏನೇನು ಹಾಕುತ್ತಿದ್ದರು, ಅದನ್ನೂ ಬರೆಯಿರಿ.

ಸಂಪಾದಕ