ಮುಂಪಡೆಯ ಆರು ಮಂದಿ ಮತ್ತು ಖಾಲಿ ಬಿಟ್ಟ ಜಾಗ

ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟವನ್ನು ಪರಿಚಯಿಸಿದ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತಿಕೊಂಡಿವೆ: ಗೋಲು ತರಬಲ್ಲ ಮುಂಪಡೆಯನ್ನು ಕಟ್ಟುವುದು ಹೇಗೆ? ಈ ಸಲದ ಅಂಕಣವನ್ನು ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಧಾರವಾಡದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಬೋಧಕ. ರಗ್ಬಿ ಚೆಂಡನ್ನು ಬಳಸಿ ಹುಡುಗರಿಗೆ ಈ ಆಟವನ್ನು ಕಲಿಸುತ್ತಿದ್ದೇನೆ. ಬಾಸ್ಕೆಟ್‌ಬಾಲ್ ಆಡುವ ಮೂವರು ಎತ್ತರದ ಹುಡುಗರನ್ನು ಗೋಲಿನ ಮುಂದೆ ನಿಲ್ಲಿಸಿದ್ದೇನೆ. ಚೆಂಡು ಮೇಲಿಂದ ಮೇಲೆ ಅವರತ್ತ ಹೋಗುತ್ತದೆ, ಆದರೆ ಗೋಲು ಮಾತ್ರ ಆಗುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಗುರುಗಳೇ, ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ. ಹುಡುಗರನ್ನು ಗೋಲಿನ ಮುಂದೆ "ನಿಲ್ಲಿಸಿದ್ದೇನೆ" ಎಂದು ಬರೆದಿದ್ದೀರಿ. ಈ ಆಟದಲ್ಲಿ ನಿಂತವನಿಗಿಂತ ಓಡಿ ಬಂದವನಿಗೆ ಚೆಂಡು ಸಿಗುತ್ತದೆ, ಮತ್ತು ಅವನು ಓಡಿ ಬರಬೇಕಾದರೆ ಅವನೆದುರು ಜಾಗ ಖಾಲಿ ಇರಬೇಕು. ಮೂವರು ಎತ್ತರದ ಹುಡುಗರು ಒಂದೆಡೆ ನಿಂತರೆ ಅವರನ್ನು ಕಾಯುವ ಮೂವರು ಎದುರಾಳಿಗಳೂ ಅಲ್ಲಿಗೇ ಬಂದು ನಿಲ್ಲುತ್ತಾರೆ, ಗೋಲಿನ ಬಾಯಿ ಸಂಜೆ ಹೊತ್ತಿನ ಹುಬ್ಬಳ್ಳಿಯ ದುರ್ಗದ ಬೈಲಿನಂತೆ ತುಂಬಿಹೋಗುತ್ತದೆ. ಅಂಥ ಸಂದಣಿಯ ಮೇಲೆ ಚೆಂಡನ್ನು ಎತ್ತಿ ಒದ್ದಾಗ ಮುಂಪಡೆಯ ಹುಡುಗ ಅದನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿಯಬೇಕು, ರಕ್ಷಕನಾದರೋ ಮುಷ್ಟಿಯಿಂದ ಒಮ್ಮೆ ಗುದ್ದಿ ಹೊರಗೆ ತಳ್ಳಿದರೆ ಸಾಕು. ಎತ್ತರದ, ನಿಧಾನವಾದ ಚೆಂಡು ಬಹುಪಾಲು ರಕ್ಷಕನಿಗೇ ಒದಗುವ ಅನುಕೂಲ.

ಹದಿನೆಂಟು ಮಂದಿಯ ತಂಡದಲ್ಲಿ ಮುಂಪಡೆಯವರು ಸಾಂಪ್ರದಾಯಿಕವಾಗಿ ಆರು ಮಂದಿ. ಗೋಲಿಗೆ ತೀರ ಸಮೀಪ ಫುಲ್ ಫಾರ್ವರ್ಡ್, ಅವನ ಎಡಬಲಕ್ಕೆ ಇಬ್ಬರು ಫಾರ್ವರ್ಡ್ ಪಾಕೆಟ್‌ಗಳು, ಅವರಿಗಿಂತ ಮುಂದೆ, ಮೈದಾನದ ನಡುವಿನ ಕಡೆಗೆ, ಸೆಂಟರ್ ಹಾಫ್ ಫಾರ್ವರ್ಡ್ ಮತ್ತು ಅವನ ಎರಡು ಪಕ್ಕದ ಹಾಫ್ ಫಾರ್ವರ್ಡ್‌ಗಳು. ಆಸ್ಟ್ರೇಲಿಯಾದ ಎಎಫ್‌ಎಲ್ ಲೀಗಿನಲ್ಲಿ 2019ರಿಂದ ಒಂದು ನಿಯಮವಿದೆ: ಮೈದಾನದ ನಡುವಿನಿಂದ ಆಟ ಆರಂಭಿಸುವ ಪ್ರತಿ ಸಲವೂ ಎರಡೂ ತುದಿಗಳಲ್ಲಿ ಗೋಲಿನ ಎದುರು ಎಳೆದ 50 ಮೀಟರ್ ಕಮಾನಿನೊಳಗೆ ಪ್ರತಿ ತಂಡದ ಆರಾರು ಮಂದಿ ಇರಲೇಬೇಕು. ಆ ಕ್ಷಣ ಕಳೆದ ಮೇಲೆ ಯಾರು ಎಲ್ಲಿಗಾದರೂ ಹೋಗಬಹುದು, ಏಕೆಂದರೆ ಈ ಆಟದಲ್ಲಿ ಆಫ್‌ಸೈಡ್ ಎಂಬುದಿಲ್ಲ. ಅಷ್ಟು ಸ್ವಾತಂತ್ರ್ಯವಿರುವುದರಿಂದಲೇ ಎಲ್ಲಿ ನಿಲ್ಲಬಾರದು ಎಂಬುದನ್ನು ಹುಡುಗರಿಗೆ ಮೊದಲು ಕಲಿಸಬೇಕಾಗುತ್ತದೆ.

ಮಗಳ ಮನೆಗೆಂದು ಹೋಗಿ ಮೆಲ್ಬರ್ನ್‌ನಲ್ಲಿ ಮೂರು ತಿಂಗಳು ಇದ್ದಾಗ ಒಂದು ಪಂದ್ಯವನ್ನು ಗೋಲುಗಂಬಗಳ ಹಿಂದೆ ಕುಳಿತು ನೋಡಿದೆ. ಚೆಂಡನ್ನು ನೋಡುವ ಚಪಲವನ್ನು ಬಿಟ್ಟು ಒಂದಿಡೀ ಕ್ವಾರ್ಟರ್, ಅಂದರೆ ಪಂದ್ಯದ ಕಾಲು ಭಾಗ, ಫುಲ್ ಫಾರ್ವರ್ಡ್ ಒಬ್ಬನ ಮೇಲೆಯೇ ಕಣ್ಣಿಟ್ಟೆ. ಚೆಂಡು ಆಚೆ ತುದಿಯಲ್ಲಿದ್ದಾಗ ಅವನು ನಿಧಾನವಾಗಿ ಗೋಲಿನತ್ತ ಹಿಂದಕ್ಕೆ ನಡೆಯುತ್ತಿದ್ದ, ರಕ್ಷಕನೂ ಬೇರೆ ದಾರಿಯಿಲ್ಲದೆ ಅವನೊಂದಿಗೆ ಹಿಂದಕ್ಕೆ ಬರುತ್ತಿದ್ದ. ಇದರಿಂದ ಅವರಿಬ್ಬರ ಮುಂದೆ ಮೂವತ್ತು, ನಲವತ್ತು ಮೀಟರ್‌ಗಳಷ್ಟು ಹುಲ್ಲು ಬರಿದಾಗುತ್ತಿತ್ತು. ನಡುವಿನಲ್ಲಿ ತನ್ನ ಕಡೆಯವನೊಬ್ಬ ಚೆಂಡು ಹಿಡಿದು, ಸಾವರಿಸಿಕೊಂಡು, ತಲೆ ಎತ್ತಿದ ಆ ಒಂದು ಕ್ಷಣಕ್ಕಾಗಿ ಅವನು ಕಾಯುತ್ತಿದ್ದ. ತಲೆ ಎದ್ದೊಡನೆ ಗಡಿಗೆರೆಯ ಕಡೆಗೆ ಎರಡು ಹುಸಿ ಹೆಜ್ಜೆ, ರಕ್ಷಕನ ಭಾರ ಆ ಕಾಲಿನ ಮೇಲೆ ಬಿದ್ದ ಕೂಡಲೇ ತಿರುಗಿ ಒದೆಯುವವನತ್ತ ಓಟ. ಚೆಂಡು ಎದೆಯ ಮಟ್ಟದಲ್ಲಿ, ಅವನಿಗಿಂತ ಎರಡು ಹೆಜ್ಜೆ ಮುಂದಕ್ಕೆ ಬಂತು. ಹದಿನೈದು ಮೀಟರ್‌ಗಿಂತ ಕಡಿಮೆಯಿಲ್ಲದಷ್ಟು ದೂರದಿಂದ ಬಂದ, ಯಾರೂ ಮುಟ್ಟದ ಒದೆತವನ್ನು ಹಿಡಿದರೆ ಅದು ಮಾರ್ಕ್, ಮತ್ತು ಮಾರ್ಕ್ ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. ಈ ಓಟವನ್ನು ಅವರು ಲೀಡ್ ಎನ್ನುತ್ತಾರೆ.

ಲೀಡ್ ಒಬ್ಬನ ಕೆಲಸವಲ್ಲ ಎಂಬುದನ್ನು ನಿಮ್ಮ ಹುಡುಗರಿಗೆ ಒತ್ತಿ ಹೇಳಿರಿ. ಒಬ್ಬನು ಒಂದು ಕಡೆಗೆ ಓಡುವಾಗ ಉಳಿದವರು ಆ ದಾರಿಯಿಂದ ಸರಿಯಬೇಕು, ಸರಿಯುತ್ತ ತಮ್ಮ ರಕ್ಷಕರನ್ನೂ ಎಳೆದುಕೊಂಡು ಹೋಗಬೇಕು. ಮೊದಲನೆಯವನಿಗೆ ಚೆಂಡು ಬರದಿದ್ದರೆ ಅವನು ಬಿಟ್ಟು ಬಂದ ಜಾಗಕ್ಕೆ ಎರಡನೆಯವನು ಓಡಬೇಕು. ನಿಮ್ಮ ಮೂವರು ಎತ್ತರದ ಹುಡುಗರಲ್ಲಿ ಒಬ್ಬನನ್ನು ಗೋಲಿನ ಬಳಿ ಉಳಿಸಿ, ಇನ್ನೊಬ್ಬನನ್ನು ಸೆಂಟರ್ ಹಾಫ್ ಫಾರ್ವರ್ಡ್ ಜಾಗಕ್ಕೆ ಕಳುಹಿಸಿ, ಮೂರನೆಯವನನ್ನು ಸಂಕೋಚವಿಲ್ಲದೆ ಹಿಂದಿನ ಪಡೆಗೆ ಕೊಟ್ಟುಬಿಡಿ. ಅವನಿಂದ ತೆರವಾದ ಸ್ಥಾನಕ್ಕೆ ನಿಮ್ಮ ತಂಡದ ಅತಿ ಚುರುಕಿನ ಕುಳ್ಳ ಹುಡುಗನನ್ನು ತನ್ನಿರಿ.

ಏಕೆಂದರೆ ಎತ್ತರದವರು ಹಾರಿ ಹಿಡಿಯಲು ಹೋದ ಚೆಂಡುಗಳಲ್ಲಿ ಬಹಳಷ್ಟು ಕೈ ತಪ್ಪಿ ನೆಲಕ್ಕೆ ಬೀಳುತ್ತವೆ, ಮತ್ತು ಗೋಲಿನ ಎದುರು ನೆಲಕ್ಕೆ ಬಿದ್ದ ಚೆಂಡು ಯಾರದ್ದಾಗುತ್ತದೆ ಎಂಬುದರ ಮೇಲೆ ಪಂದ್ಯ ತೂಗುತ್ತದೆ. ಚಿಕ್ಕ ಆಟಗಾರ ಹಾರುವವರ ಗುಂಪಿನೊಳಗೆ ನುಗ್ಗಬಾರದು. ನಾಲ್ಕೈದು ಹೆಜ್ಜೆ ದೂರದಲ್ಲಿ, ಗುಂಪಿಗೆ ನೇರ ಎದುರಾಗಿ, ಮೊಣಕಾಲು ಬಾಗಿಸಿ, ಚೆಂಡು ಬೀಳುವ ಹೊತ್ತಿಗೆ ಓಟದಲ್ಲಿಯೇ ಅಲ್ಲಿಗೆ ತಲುಪುವಂತೆ ಕಾಯಬೇಕು. ಇನ್ನೊಬ್ಬನು ಗುಂಪಿನ ಹಿಂದೆ, ಗೋಲಿನ ಕಡೆಗೆ ಇರಬೇಕು. ಹಾರಿದವರ ಬೆರಳಿಗೆ ತಗುಲಿ ಹಿಂದಕ್ಕೆ ಜಾರಿದ ಚೆಂಡು ಅವನ ಪಾಲು. ಧಾರವಾಡದಲ್ಲಿ ಇದಕ್ಕೆ ಇನ್ನಷ್ಟು ಮಹತ್ವವಿದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ನೆಂದ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ, ಎರೆಮಣ್ಣು ಬೂಟಿಗೆ ಮೆತ್ತಿಕೊಂಡರೆ ಎತ್ತರದವನ ಕಾಲು ಮೇಲೇಳುವುದಿಲ್ಲ. ಅಂಥ ದಿನ ಒಬ್ಬನೇ ಎತ್ತರದವನನ್ನು ಇಟ್ಟುಕೊಂಡು, ಚೆಂಡನ್ನು ಉದ್ದಕ್ಕೆ ಒದ್ದು, ನೆಲದ ಆಟಕ್ಕೆ ನಾಲ್ವರನ್ನು ಹಚ್ಚಿರಿ.

ಹಾಫ್ ಫಾರ್ವರ್ಡ್‌ಗಳ ಕೆಲಸ ದಣಿವಿನದು, ಹೆಸರು ತರುವಂಥದ್ದಲ್ಲ. ಅವರು ನಡುಮೈದಾನಕ್ಕೆ ಓಡಿ ಚೆಂಡಿಗೆ ಕೊಂಡಿಯಾಗಬೇಕು, ಮತ್ತೆ ಗೋಲಿನತ್ತ ಓಡಬೇಕು, ಎದುರಾಳಿ ಚೆಂಡನ್ನು ಹೊರಗೆ ಒಯ್ಯುವಾಗ ಕಮಾನಿನ ಅಂಚಿನಲ್ಲಿ ಬೇಲಿಯಂತೆ ನಿಲ್ಲಬೇಕು. ತಂಡದಲ್ಲಿ ಅತಿ ಹೆಚ್ಚು ದಮ್ಮು ಇರುವವರನ್ನೇ ಅಲ್ಲಿಗೆ ಆರಿಸಿರಿ.

ಕಮಾನನ್ನು ಎಳೆಯುವುದು ಕಷ್ಟವಲ್ಲ. ಗೋಲಿನ ಗೆರೆಯ ನಟ್ಟನಡುವೆ ಗೂಟ ಹೊಡೆದು, ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು ಅರ್ಧ ಸುತ್ತು ನಡೆಯುತ್ತ ಸುಣ್ಣದ ಪುಡಿ ಚೆಲ್ಲಿದರೆ ಆಯಿತು. ಎಎಫ್‌ಎಲ್ ಮೈದಾನಗಳು 135 ಮೀಟರ್‌ಗಿಂತ ಉದ್ದವಾಗಿರುತ್ತವೆ, ನಮ್ಮ ಕಾಲೇಜಿನ ಮೈದಾನಗಳು ಅನೇಕ ಕಡೆ ಅಷ್ಟಿಲ್ಲ, ಆದ್ದರಿಂದ 35 ಮೀಟರ್ ಹಗ್ಗವೇ ಸಾಕು. ಮುಂದಿನ ಪಂದ್ಯದಲ್ಲಿ ಒಬ್ಬ ವಿದ್ಯಾರ್ಥಿಯನ್ನು ನೋಟ್‌ಬುಕ್ ಕೊಟ್ಟು ಕೂರಿಸಿ, ಚೆಂಡು ಎಷ್ಟು ಸಲ ಕಮಾನಿನೊಳಗೆ ಬಂತು, ಅದರಲ್ಲಿ ಎಷ್ಟು ಸಲ ಗೋಲಿಗೆ ಗುರಿಯಿಡಲಾಯಿತು, ಎಷ್ಟು ಸಲ ಎದುರಾಳಿ ಅದನ್ನು ನಿರಾತಂಕವಾಗಿ ಹೊರಗೆ ಒಯ್ದ ಎಂದು ಬರೆಯಿಸಿರಿ. ನೀವು ಕೇಳಿದ ತಪ್ಪು ಎಲ್ಲಿದೆ ಎಂಬುದು ಆ ಮೂರನೆಯ ಲೆಕ್ಕದಲ್ಲಿ ಕಾಣುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಪ್ರಶ್ನೆ: ಒಬ್ಬ ಮಹಾನ್ ಗೋಲುಗಾರ ಇದ್ದರೆ ಸಾಲದೇ? ಚೆಂಡನ್ನೆಲ್ಲ ಅವನಿಗೇ ಕೊಟ್ಟರೆ ತಂಡ ಗೆಲ್ಲುವುದಿಲ್ಲವೇ? — ಹಾವೇರಿಯ ಓದುಗರು

ಉತ್ತರ: ಬಹುಕಾಲ ಆ ಆಟವನ್ನು ಹಾಗೆಯೇ ಆಡಿದರು. 1934ರಲ್ಲಿ ಬಾಬ್ ಪ್ರ್ಯಾಟ್ ಒಂದೇ ಋತುವಿನಲ್ಲಿ 150 ಗೋಲು ಹೊಡೆದರು, 1971ರಲ್ಲಿ ಪೀಟರ್ ಹಡ್ಸನ್ ಅದನ್ನು ಸರಿಗಟ್ಟಿದರು. ಟೋನಿ ಲಾಕೆಟ್ 1360 ಗೋಲುಗಳೊಂದಿಗೆ ಲೀಗಿನ ಸಾರ್ವಕಾಲಿಕ ದಾಖಲೆಯನ್ನು ಹೊಂದಿದ್ದಾರೆ. ಆದರೆ ಲಾಕೆಟ್ ತಮ್ಮ ಇಡೀ ಆಟದ ಜೀವನದಲ್ಲಿ ಒಮ್ಮೆಯೂ ಚಾಂಪಿಯನ್ ತಂಡದಲ್ಲಿ ಇರಲಿಲ್ಲ ಎಂಬುದನ್ನು ನಿಮ್ಮ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಿರಿ. ಇದು ಅವರ ಸಾಮರ್ಥ್ಯದ ಕೊರತೆಯಲ್ಲ. ಒಬ್ಬನ ಕೈಗೆ ಚೆಂಡು ತಲುಪಬೇಕಾದರೆ ಉಳಿದ ಹದಿನೇಳು ಮಂದಿ ಏನು ಮಾಡಬೇಕೋ ಅದನ್ನು ಒಬ್ಬನೇ ಮಾಡಲಾರ.

2008ರಲ್ಲಿ ಹಾಥಾರ್ನ್ ತಂಡದ ಲಾನ್ಸ್ ಫ್ರಾಂಕ್ಲಿನ್ 113 ಗೋಲು ಹೊಡೆದರು, ಆ ವರ್ಷ ಅವರ ತಂಡ ಚಾಂಪಿಯನ್ ಕೂಡ ಆಯಿತು. ಆ ಬಳಿಕ ಋತುವೊಂದರಲ್ಲಿ ನೂರರ ಗಡಿ ಮುಟ್ಟುವುದು ತೀರ ದುರ್ಲಭವಾಗಿದೆ. ಎದುರಾಳಿಗಳು ಹಿಂದೆ ಬಂದು ಗುಂಪುಗಟ್ಟಿ ರಕ್ಷಿಸಲು ಕಲಿತ ಮೇಲೆ ಒಬ್ಬನನ್ನೇ ನಂಬಿದ ಮುಂಪಡೆಯನ್ನು ಕಟ್ಟಿಹಾಕುವುದು ಸುಲಭವಾಯಿತು.

2017ರ ರಿಚ್ಮಂಡ್ ತಂಡವನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಅವರ ಮುಂಪಡೆಯಲ್ಲಿ ನಿಜವಾದ ಎತ್ತರದ ಆಟಗಾರ ಜ್ಯಾಕ್ ರೀವೋಲ್ಟ್ ಒಬ್ಬರೇ. ಅವರ ಸುತ್ತ ಡೇನಿಯಲ್ ರಿಯೋಲಿ, ಡ್ಯಾನ್ ಬಟ್ಲರ್, ಜೇಸನ್ ಕಸ್ಟಾನ್ಯಾರಂಥ ಚಿಕ್ಕ, ವೇಗದ ಹುಡುಗರು. ಹಾರಿ ಚೆಂಡು ಹಿಡಿಯುವುದಕ್ಕಿಂತ ಅದು ನೆಲಕ್ಕೆ ಬೀಳುವಂತೆ ನೋಡಿಕೊಳ್ಳುವುದು ರೀವೋಲ್ಟ್ ಅವರ ದೊಡ್ಡ ಕೆಲಸವಾಗಿತ್ತು, ಬಿದ್ದ ಚೆಂಡಿನ ಮೇಲೆ ಉಳಿದವರು ಮುಗಿಬೀಳುತ್ತಿದ್ದರು. ಎದುರಾಳಿಗೆ ಚೆಂಡು ಸಿಕ್ಕರೂ ಅದನ್ನು ನೆಮ್ಮದಿಯಿಂದ ಒದೆಯಲು ಬಿಡುತ್ತಿರಲಿಲ್ಲ. 1980ರ ಬಳಿಕ ಆ ಕ್ಲಬ್ಬಿಗೆ ದೊರೆತ ಮೊದಲ ಚಾಂಪಿಯನ್ ಪಟ್ಟ ಆ ವರ್ಷದ್ದು.

ಪ್ರಶ್ನೆ: ನನ್ನ ಮಗಳು ಖೋ ಖೋ ಆಡುತ್ತಾಳೆ, ಆದರೆ ಎತ್ತರ ಕಡಿಮೆ. ಈ ಆಟದ ಮುಂಪಡೆಯಲ್ಲಿ ಅವಳಿಗೆ ಜಾಗವಿದೆಯೇ? — ಹುಬ್ಬಳ್ಳಿಯ ತಾಯಿಯೊಬ್ಬರು

ಉತ್ತರ: ಅವಳಿಗಾಗಿಯೇ ಇರುವ ಜಾಗವಿದೆ, ತಾಯಿ. ಫಾರ್ವರ್ಡ್ ಪಾಕೆಟ್‌ನಲ್ಲಿ ಆಡುವ ಚಿಕ್ಕ ಆಟಗಾರ್ತಿಗೆ ಬೇಕಾದುದು ಮೂರು ಹೆಜ್ಜೆಗಳಲ್ಲಿ ಪೂರ್ಣ ವೇಗಕ್ಕೆ ಬರುವ ಕಾಲು, ಬಾಗಿದ ಸೊಂಟ ಮತ್ತು ಬಿಡದೆ ಬೆನ್ನಟ್ಟುವ ಹಠ. ಕುಳಿತಲ್ಲಿಂದ ಖೋ ಸಿಕ್ಕೊಡನೆ ಚಿಮ್ಮುವವಳಿಗೆ ಮೊದಲಿನದನ್ನು ಯಾರೂ ಕಲಿಸಬೇಕಾಗಿಲ್ಲ.

ಬೆನ್ನಟ್ಟುವುದಕ್ಕೆ ಈ ಆಟದಲ್ಲಿ ನೇರ ಪ್ರತಿಫಲವಿದೆ. ಚೆಂಡು ಹಿಡಿದ ರಕ್ಷಕಿಗೆ ಅದನ್ನು ಒದೆಯಲು ಅಥವಾ ಮುಷ್ಟಿಯಿಂದ ಹೊಡೆದು ದಾಟಿಸಲು ಸಾಕಷ್ಟು ಅವಕಾಶ ಸಿಕ್ಕಿಯೂ ಅವಳು ತಡಮಾಡಿ, ನಿಮ್ಮ ಮಗಳು ಅವಳನ್ನು ಭುಜಕ್ಕಿಂತ ಕೆಳಗೆ, ಮೊಣಕಾಲಿಗಿಂತ ಮೇಲೆ ಸರಿಯಾಗಿ ಹಿಡಿದುಬಿಟ್ಟರೆ ಅಂಪೈರ್ ನಿಮ್ಮ ಮಗಳಿಗೆ ಫ್ರೀ ಕಿಕ್ ಕೊಡುತ್ತಾರೆ. ಗೋಲಿನಿಂದ ಮೂವತ್ತು ಮೀಟರ್ ದೂರದಲ್ಲಿ ಇದು ನಡೆದರೆ ಅದು ಗೋಲಿನ ಅವಕಾಶವೇ ಸರಿ. ಪುರುಷರಲ್ಲಿ ಎಡ್ಡೀ ಬೆಟ್ಸ್ 174 ಸೆಂಟಿಮೀಟರ್ ಎತ್ತರದವರಾಗಿದ್ದು 350 ಪಂದ್ಯಗಳಲ್ಲಿ 640 ಗೋಲು ಹೊಡೆದರು. ಗಡಿಗೆರೆಯ ಮೂಲೆಯಿಂದ, ಗಂಬಗಳು ಬೆರಳಷ್ಟು ಅಂತರದಲ್ಲಿ ಕಾಣುವ ಕೋನದಿಂದ ಅವರು ಚೆಂಡನ್ನು ಬಾಗಿಸಿ ಒಳಗೆ ಕಳುಹಿಸುತ್ತಿದ್ದರು. ಮಹಿಳೆಯರ ಎಎಫ್‌ಎಲ್‌ಡಬ್ಲ್ಯೂ ಲೀಗ್ 2017ರಲ್ಲಿ ಆರಂಭವಾಯಿತು. ಅಲ್ಲಿ ಮೈದಾನದ ಮೇಲೆ ಪ್ರತಿ ತಂಡಕ್ಕೆ 16 ಮಂದಿ, ಚೆಂಡು ತುಸು ಚಿಕ್ಕದು. ಜನ ಕಡಿಮೆಯಾದಷ್ಟೂ ಓಡುವವಳಿಗೆ ಬಯಲು ಹೆಚ್ಚು. ಹಿಡಿಯುವ ವಿಧಾನವನ್ನು ಮಾತ್ರ ಬಲ್ಲವರ ಕಣ್ಣೆದುರು ಕಲಿಯಲಿ. ತಲೆ ಮತ್ತು ಕುತ್ತಿಗೆಯ ವಿಷಯದಲ್ಲಿ ಯಾವ ರಾಜಿಯೂ ಬೇಡ.

ಪ್ರಶ್ನೆ: ನಡುಗಂಬಗಳ ನಡುವೆ ಹೋದರೆ ಆರು ಅಂಕ, ಪಕ್ಕಕ್ಕೆ ಹೋದರೆ ಒಂದು ಅಂಕ ಎಂದಿರಿ. ನಮ್ಮ ಹುಡುಗರು ಒಂದೊಂದು ಅಂಕವನ್ನೇ ಕೂಡಿಸುತ್ತಿದ್ದಾರೆ. ಏನು ಮಾಡಬೇಕು? — ಗದಗಿನ ಓದುಗರು

ಉತ್ತರ: ನಡುವಿನ ಎರಡು ಗಂಬಗಳ ಅಂತರ 6.4 ಮೀಟರ್. ನೇರ ಎದುರಿನಿಂದ ಅದು ಅಗಲವಾಗಿಯೇ ಕಾಣುತ್ತದೆ, ಗಡಿಗೆರೆಯತ್ತ ಸರಿದಷ್ಟೂ ಕಿರಿದಾಗುತ್ತದೆ. ಆದ್ದರಿಂದ ಮೊದಲು ನೋಡಬೇಕಾದುದು ನಿಮ್ಮವರು ಎಲ್ಲಿಂದ ಒದೆಯುತ್ತಿದ್ದಾರೆ ಎಂಬುದನ್ನು. ಮೂಲೆಯಲ್ಲಿ ಚೆಂಡು ಸಿಕ್ಕಾಗ ತಾನೇ ಒದೆಯದೆ ನಡುವಿನ ಸಂಗಡಿಗನಿಗೆ ದಾಟಿಸುವ ಹುಡುಗನನ್ನು ಎಲ್ಲರೆದುರು ಹೊಗಳಿರಿ.

2017ರ ಫೈನಲ್‌ನಲ್ಲಿ ರಿಚ್ಮಂಡ್ 16 ಗೋಲು, 12 ಒಂಟಿ ಅಂಕ, ಒಟ್ಟು 108. ಅಡಿಲೇಡ್ 8 ಗೋಲು, 12 ಒಂಟಿ ಅಂಕ, ಒಟ್ಟು 60. ಎರಡೂ ತಂಡಗಳು ಪಕ್ಕಕ್ಕೆ ಕಳುಹಿಸಿದ ಚೆಂಡುಗಳು ಸಮಸಮ. ನಲವತ್ತೆಂಟು ಅಂಕಗಳ ಅಂತರ ಪೂರ್ತಿಯಾಗಿ ಆ ಎಂಟು ಹೆಚ್ಚಿನ ಗೋಲುಗಳದು.

ಒದೆಯುವ ವಿಷಯಕ್ಕೆ ಬಂದರೆ, ಮಾರ್ಕ್ ಹಿಡಿದವನಿಗೆ ಗೋಲಿಗೆ ಗುರಿಯಿಡಲು 30 ಸೆಕೆಂಡುಗಳ ಅವಕಾಶವಿದೆ, ನಮ್ಮ ಹುಡುಗರು ಹತ್ತರಲ್ಲಿಯೇ ಮುಗಿಸುತ್ತಾರೆ. ಚೆಂಡನ್ನು ನೆಟ್ಟಗೆ ಹಿಡಿದು, ಒದೆಯುವ ಕಾಲಿನ ಕಡೆಯ ಕೈಯಿಂದ ಕಾಲಿನ ಮೇಲಕ್ಕೆ ಇಳಿಬಿಡಬೇಕು, ಮೇಲಕ್ಕೆ ಎಸೆಯಬಾರದು. ಚೆಂಡು ಕೈ ಬಿಟ್ಟು ಪಾದ ಮುಟ್ಟುವ ಆ ಗೇಣುದ್ದದ ದಾರಿಯಲ್ಲಿ ಓರೆಯಾದರೆ ಆಮೇಲೆ ಕಾಲು ಎಷ್ಟೇ ನೇರವಾಗಿ ಹೋದರೂ ಪ್ರಯೋಜನವಿಲ್ಲ. ಸರಿಯಾಗಿ ತಗುಲಿದ ಚೆಂಡು ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತ ನೇರ ಸಾಗುತ್ತದೆ, ಅಡ್ಡಡ್ಡ ಸುತ್ತುತ್ತ ಹೋದರೆ ಇಳಿಬಿಟ್ಟ ರೀತಿಯಲ್ಲಿ ದೋಷವಿದೆ ಎಂದು ತಿಳಿಯಿರಿ. ಪ್ರತಿಯೊಬ್ಬನೂ ತನ್ನ ಹೆಜ್ಜೆಗಳನ್ನು ಎಣಿಸಿ ನಿಗದಿ ಮಾಡಿಕೊಳ್ಳಲಿ, ಪ್ರತಿ ಸಲ ಅಷ್ಟೇ ಹೆಜ್ಜೆ ಓಡಲಿ. ಅಭ್ಯಾಸವನ್ನು ಹದಿನೈದು ಮೀಟರ್‌ನಿಂದ ಆರಂಭಿಸಿ, ಹತ್ತಕ್ಕೆ ಎಂಟು ಒಳಗೆ ಹೋದ ಮೇಲೆಯೇ ಐದು ಮೀಟರ್ ಹಿಂದೆ ಸರಿಯಿರಿ. ಅಭ್ಯಾಸದ ಕೊನೆಯಲ್ಲಿ, ಕಾಲು ಸೋತು ಉಸಿರು ಏರಿರುವಾಗ, ಪ್ರತಿಯೊಬ್ಬನಿಂದ ಐದು ಒದೆತ ಮಾಡಿಸಿರಿ, ಏಕೆಂದರೆ ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವರು ಒದೆಯಬೇಕಾಗುವುದು ಆ ಕಾಲಿನಿಂದಲೇ.